ಹತ್ತಿರದವರು ಮಾತ್ರ ಹೇಳುವ ತಪ್ಪುಗಳು

ಅದೊಂದು ಗುರುವಾರದ ಸಂಜೆ. ಜರ್ಮನಿಯ ಪಶ್ಚಿಮ ಭಾಗದ ರೂರ್ ಪ್ರದೇಶದಲ್ಲಿರುವ ನಮ್ಮ ಪಟ್ಟಣದ ಸಂಜೆ ಶಾಲೆಯಲ್ಲಿ, ಉದ್ದನೆಯ ಮೇಜಿನ ಮೇಲೆ ಹತ್ತು ಕಪ್ಪು ಬಿಳುಪು ಛಾಯಾಚಿತ್ರಗಳನ್ನು ಸಾಲಾಗಿ ಇಡಲಾಗಿತ್ತು. ಎಲ್ಲವೂ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದು, ಅದೇ ಕಟ್ಟಡದ ನೆಲಮಾಳಿಗೆಯ ಡಾರ್ಕ್‌ರೂಮಿನಲ್ಲಿ ನಾವೇ ಕೈಯಾರೆ ಪ್ರಿಂಟ್ ಮಾಡಿದವು. ಎಡದಿಂದ ನಾಲ್ಕನೆಯದು ನನ್ನದು. ಕೋಲಾರ ಚಿನ್ನದ ಗಣಿಯ ಬಾವಿಯೊಂದರ ಮೇಲೆ ನಿಂತಿರುವ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತಿರುಗುವುದನ್ನು ಎಂದೋ ಮರೆತ ಚಕ್ರ. ಆ ಚಿತ್ರದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಇಲ್ಲಿ ಈ ಕಲಾಪವನ್ನು ‘ಬಿಲ್ಡ್‌ಬೆಷ್ಪ್ರೆಖುಂಗ್’ ಎನ್ನುತ್ತಾರೆ. ಚಿತ್ರದ ಕುರಿತ ಮಾತುಕತೆ ಎಂದು ಅದರ ಅರ್ಥ. ನಮ್ಮ ತರಗತಿಯಲ್ಲಿ ಅದಕ್ಕೆ ಮೂರು ನಿಯಮಗಳಿವೆ. ಚಿತ್ರ ತೆಗೆದವರು ಕೊನೆಯವರೆಗೂ ಬಾಯಿ ತೆರೆಯಕೂಡದು. ಉಳಿದವರು ಮೊದಲು ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬೇಕು, ತೀರ್ಮಾನವೇನಿದ್ದರೂ ಆಮೇಲೆ. ‘ಇಷ್ಟವಾಯಿತು’, ‘ಇಷ್ಟವಾಗಲಿಲ್ಲ’ ಎಂಬ ಮಾತುಗಳು ಸಲ್ಲವು; ಏಕೆಂದರೆ ಅವು ಹೇಳಿದವರ ಬಗ್ಗೆ ತಿಳಿಸುತ್ತವೆಯೇ ಹೊರತು ಚಿತ್ರದ ಬಗ್ಗೆ ಅಲ್ಲ.

ನನ್ನ ಚಿತ್ರದ ಸರದಿ ಬಂದಾಗ ಯಾರೂ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಅರವತ್ತರ ಹರೆಯದ ನಮ್ಮ ಶಿಕ್ಷಕಿ ಕನ್ನಡಕ ಸರಿಪಡಿಸಿಕೊಂಡು ಹೇಳಿದರು: “ಪ್ರಿಂಟ್ ಅಚ್ಚುಕಟ್ಟಾಗಿದೆ. ಆದರೆ ಇದು ಬೆಖರ್ ದಂಪತಿಯ ಚಿತ್ರ. ಅವರು ಇದನ್ನು ಈಗಾಗಲೇ ತೆಗೆದಿದ್ದಾರೆ. ನಿಮ್ಮ ಚಿತ್ರ ಎಲ್ಲಿದೆ?”

ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ಅವರ ಹೆಸರು ಈ ಸೀಮೆಯಲ್ಲಿ ಮನೆಮಾತು. 1959ರಿಂದ ಜೊತೆಯಾಗಿ ಕೆಲಸ ಆರಂಭಿಸಿದ ಆ ದಂಪತಿ ಗಣಿಗೋಪುರಗಳು, ನೀರಿನ ತೊಟ್ಟಿಗಳು, ಊದುಕುಲುಮೆಗಳನ್ನು ದಶಕಗಳ ಕಾಲ ಚಿತ್ರಿಸಿದರು. ಮೋಡ ಕವಿದ ದಿನದ ನೆರಳಿಲ್ಲದ ಬೆಳಕು, ದೊಡ್ಡ ಕ್ಯಾಮೆರಾ, ನೇರ ಎದುರಿನ ನೋಟ. ಮನುಷ್ಯರ ಸುಳಿವಿಲ್ಲ. 1976ರಿಂದ ಬರ್ನ್ಡ್ ಅವರು ಡ್ಯೂಸೆಲ್‌ಡಾರ್ಫ್‌ನ ಕಲಾ ಅಕಾಡೆಮಿಯಲ್ಲಿ ಪಾಠ ಹೇಳಿದರು. ಆಂಡ್ರಿಯಾಸ್ ಗುರ್ಸ್ಕಿ, ಕಾಂಡಿಡಾ ಹ್ಯೋಫರ್‌ರಂಥ ಪ್ರಸಿದ್ಧರು ಅವರ ಶಿಷ್ಯರು. ನಾನು ಮೋಡ ಕವಿಯುವುದನ್ನೇ ಕಾದು, ಎದುರಿಗೆ ನಿಂತು, ಜನರೆಲ್ಲ ಸರಿದುಹೋದ ಮೇಲೆ ಕ್ಲಿಕ್ಕಿಸಿದ್ದೆ. ಎರವಲು ಕಣ್ಣಿನಿಂದ ನನ್ನೂರನ್ನು ನೋಡಿದ್ದೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹೊಳೆದದ್ದು ಅವಮಾನ ಮಾತ್ರ. ಆ ರಾತ್ರಿ ಟ್ರಾಮಿನಲ್ಲಿ ಮನೆಗೆ ಮರಳುವಾಗ ನನ್ನ ಪರವಾಗಿ ಹತ್ತಾರು ವಾದಗಳನ್ನು ಮನಸ್ಸಿನಲ್ಲೇ ಮಂಡಿಸಿ, ಎಲ್ಲದರಲ್ಲೂ ಗೆದ್ದೆ.

ಬೆಳಕಿಗೆ ಹಿಡಿದ ನೆಗೆಟಿವ್

ಟೀಕೆ ನನಗೆ ಹೊಸದಾಗಿರಬಾರದಿತ್ತು. ನಮ್ಮದು ಬಂಗಾರಪೇಟೆ. ಅಲ್ಲಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕೂತರೆ ಕಿಟಕಿಯಾಚೆ ಸೈನೈಡ್ ದಿಬ್ಬಗಳು, ಅವುಗಳ ಹಿಂದೆ ಗಣಿಗೋಪುರಗಳು. ನಮ್ಮ ತಂದೆ ಬಂಗಾರಪೇಟೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದರು. ಮದುವೆ, ನಾಮಕರಣ, ಗಣಿ ಕಾರ್ಮಿಕರ ಪಾಸ್‌ಪೋರ್ಟ್ ಅಳತೆಯ ಫೋಟೋಗಳು ಅವರ ಜೀವನೋಪಾಯ. ಕೆಲಸ ಕಲಿಯಲು ಬಂದ ಹುಡುಗರು ಫಿಲ್ಮ್ ತೊಳೆದು ತಂದರೆ ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. “ಡೆವಲಪರ್ ತಣ್ಣಗಿತ್ತು”, “ಹೈಪೋ ಹಳೆಯದಾಗಿದೆ, ಹೊಸದು ಕಲಸು” ಎಂದು ಎರಡೇ ಮಾತು. ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ತಪ್ಪು ಎಲ್ಲಾಯಿತು ಎಂಬುದಷ್ಟೇ.

ಫಿಲ್ಮಿನ ವಿಚಾರದಲ್ಲಿ ‘ಎಲ್ಲಾಯಿತು’ ಎಂಬ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಒಂದು ಚಿತ್ರ ನಮ್ಮ ಕೈಗೆ ಬರುವ ಮುನ್ನ ಮೂರು ಬಾಗಿಲುಗಳನ್ನು ದಾಟುತ್ತದೆ: ಕ್ಯಾಮೆರಾ, ಡೆವಲಪರ್, ಪ್ರಿಂಟ್. ಈಗ ನಾಲ್ಕನೆಯದೂ ಸೇರಿದೆ, ಸ್ಕ್ಯಾನರ್. ಎಲ್ಲಿ ಎಡವಿದರೂ ಕೊನೆಗೆ ಕಾಣುವುದು ಅದೇ ಮಂಕು ಚಿತ್ರ. ಹಿಂದೊಮ್ಮೆ ನನ್ನ ಚಿತ್ರದ ಸ್ಕ್ಯಾನ್ ಒಂದನ್ನು ಪರಿಚಿತರಿಗೆ ಕಳುಹಿಸಿದ್ದಾಗ ಒಬ್ಬರು ಲೆನ್ಸ್ ಸರಿಯಿಲ್ಲವೆಂದರು, ಇನ್ನೊಬ್ಬರು ಫಿಲ್ಮ್ ಬದಲಿಸಲು ಹೇಳಿದರು, ಮತ್ತೊಬ್ಬರು ‘ಹಳೆಯ ಕಾಲದ ಸೊಗಸು’ ಎಂದು ಮೆಚ್ಚಿದರು. ಮೂವರೂ ನೋಡಿದ್ದು ಸ್ಕ್ಯಾನರ್ ತನ್ನಷ್ಟಕ್ಕೆ ತಾನೇ ಬೆಳಕನ್ನು ಏರಿಸಿ ಬೂದಿಬಣ್ಣಕ್ಕೆ ತಿರುಗಿಸಿದ್ದ ನೆರಳನ್ನು.

ಶಿಕ್ಷಕಿ ಮಾತ್ರ, “ನೆಗೆಟಿವ್ ತನ್ನಿ” ಎಂದರು. ಲೈಟ್ ಟೇಬಲ್ಲಿನ ಮೇಲಿಟ್ಟು ಅವರು ನೋಡಿದ್ದು ಚಿತ್ರವನ್ನಲ್ಲ, ಅಂಚನ್ನು. ಫಿಲ್ಮಿನ ಅಂಚಿನಲ್ಲಿರುವ ಅಕ್ಷರ ಮತ್ತು ಸಂಖ್ಯೆಗಳ ಮೇಲೆ ಕಾರ್ಖಾನೆಯಲ್ಲಿಯೇ ಬೆಳಕು ಬಿದ್ದಿರುತ್ತದೆ; ಡೆವಲಪ್ ಆದಾಗ ಅವು ಮೂಡುತ್ತವೆ. ಅವು ಕಡುಗಪ್ಪಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಕ್ಯಾಮೆರಾದಲ್ಲಿ ಬೆಳಕು ಸಾಲಲಿಲ್ಲವೆಂದು ಅರ್ಥ. ಎರಡೂ ಪೇಲವವಾಗಿದ್ದರೆ ದೋಷ ಡೆವಲಪ್ ಮಾಡುವುದರಲ್ಲಿದೆ. ನನ್ನದರಲ್ಲಿ ಅಂಚಿನ ಅಕ್ಷರಗಳು ಸ್ಪಷ್ಟವಾಗಿದ್ದವು. ಹಾಗಾದರೆ ಲೆನ್ಸ್ ನಿರಪರಾಧಿ, ಫಿಲ್ಮೂ ನಿರಪರಾಧಿ. ನೆರಳಿಗೆ ಬೇಕಾದಷ್ಟು ಬೆಳಕನ್ನು ಕೊಡದವನು ನಾನು.

ಸಂಸ್ಕೃತ ಮೂಲದ ‘ವಿಮರ್ಶೆ’ ಎಂಬ ಪದದ ಧಾತುವಿಗೆ ಮುಟ್ಟುವುದು, ಸವರುವುದು ಎಂಬ ಅರ್ಥವಿದೆ. ಕೈಯಿಂದ ಮುಟ್ಟಿ ನೋಡಿದವರಿಗೆ ಮಾತ್ರ ಅದು ಸಾಧ್ಯವೆಂಬುದು ನನಗೆ ಆ ದಿನ ಮನದಟ್ಟಾಯಿತು. ಇಷ್ಟು ತಿಳಿದ ಮೇಲೂ, ಬೇರೊಬ್ಬರ ಚಿತ್ರ ನನ್ನೆದುರು ಬಂದಾಗ ನಾನು ಅದನ್ನು ಮರೆತೆ.

ಖಾಲಿ ಕೊಕ್ಕೆಗಳು

ನಮ್ಮ ತರಗತಿಯಲ್ಲಿ ನಿವೃತ್ತ ಕಲ್ಲಿದ್ದಲು ಗಣಿ ಕಾರ್ಮಿಕರೊಬ್ಬರಿದ್ದರು. ಜರ್ಮನಿಯ ಕೊನೆಯ ಕಪ್ಪು ಕಲ್ಲಿದ್ದಲು ಗಣಿ, ಬಾಟ್ರಾಪ್ ಊರಿನ ಪ್ರಾಸ್ಪರ್-ಹಾನಿಯೆಲ್, 2018ರ ಡಿಸೆಂಬರ್ 21ರಂದು ಮುಚ್ಚಿತು. ಅಂದು ಕಾರ್ಮಿಕರು ಕೊನೆಯ ಕಲ್ಲಿದ್ದಲ ಗಟ್ಟಿಯನ್ನು ದೇಶದ ಅಧ್ಯಕ್ಷರ ಕೈಗಿತ್ತರು. ನಮ್ಮ ಸಹಪಾಠಿ ಅದಕ್ಕೂ ಮೊದಲೇ ಬೇರೊಂದು ಗಣಿಯಿಂದ ನಿವೃತ್ತರಾದವರು. ಮಾತು ಕಡಿಮೆ. ಒಳಬಂದಾಗ, ಹೊರಹೋಗುವಾಗ ಗಣಿಗರ ವಾಡಿಕೆಯಂತೆ “ಗ್ಲೂಕ್ ಆಫ್” ಎಂದು ಶುಭ ಕೋರುವುದಷ್ಟೇ.

ಒಂದು ಗುರುವಾರ ಅವರು ತಂದ ಚಿತ್ರದಲ್ಲಿ ಕತ್ತಲೆಯ ದೊಡ್ಡ ಹಜಾರವಿತ್ತು. ಕೆಳಗೆ ಬೆಂಚುಗಳು, ಮೇಲೆ ಚಾವಣಿಯಿಂದ ಇಳಿಬಿದ್ದ ಸರಪಳಿಗಳು, ಕೊಕ್ಕೆಗಳು. ಚಿತ್ರದ ಮುಕ್ಕಾಲು ಭಾಗ ಮೇಲಿನ ಆ ಶೂನ್ಯವೇ. ಇಡೀ ದೃಶ್ಯ ತುಸು ಬಲಕ್ಕೆ ವಾಲಿತ್ತು, ಸ್ವಲ್ಪ ಅಲುಗಿತ್ತು. ಕೆಲ ವಾರಗಳ ಹಿಂದಷ್ಟೇ ಪೆಟ್ಟು ತಿಂದಿದ್ದ ನನಗೆ ನನ್ನ ಜಾಣತನ ತೋರಿಸುವ ಅವಕಾಶ ಸಿಕ್ಕಿತು. ಕಂಡದ್ದನ್ನು ಮೊದಲು ಹೇಳಬೇಕೆಂಬ ನಿಯಮವನ್ನು ಹಾರಿ, ನೇರವಾಗಿ ಪಟ್ಟಿ ಒಪ್ಪಿಸಿದೆ: “ಕ್ಯಾಮೆರಾ ಅಲುಗಿದೆ. ಸಾಲು ವಾಲಿದೆ. ಮೇಲಿನ ಭಾಗ ಖಾಲಿ, ಅಲ್ಲಿ ಏನೂ ಇಲ್ಲ. ಕತ್ತರಿಸಿದರೆ ಉತ್ತಮ.”

ಅವರು ನಿಯಮದಂತೆ ಸುಮ್ಮನಿದ್ದರು. ಕೊನೆಗೆ ಮಾತನಾಡುವ ಸರದಿ ಬಂದಾಗಲೂ ಸುಮ್ಮನಿದ್ದರು. ಪ್ರಿಂಟನ್ನು ಲಕೋಟೆಗೆ ಸೇರಿಸಿ, “ಗ್ಲೂಕ್ ಆಫ್” ಎನ್ನದೆ ಹೊರಟುಹೋದರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ನಾನು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ಆದರೂ ಒಟ್ಟು ಮಾತು ಸುಳ್ಳಾಗಿತ್ತು ಎಂಬ ಅಳುಕು ಹೋಗಲಿಲ್ಲ. ಇಲ್ಲಿ ಹೇಳದೆ ಕೇಳದೆ ಯಾರ ಮನೆಗೂ ಹೋಗುವ ಪದ್ಧತಿಯಿಲ್ಲ. ಶಿಕ್ಷಕಿಯ ಮೂಲಕ ಒಂದು ಕಾಗದ ಕಳುಹಿಸಿದೆ. ಕ್ಷಮೆ ಕೇಳಿ, ಕೊನೆಯಲ್ಲಿ ಒಂದೇ ಪ್ರಶ್ನೆ ಬರೆದೆ: “ನಾನು ಏನನ್ನು ನೋಡದೆ ಹೋದೆ?” ಐದನೆಯ ದಿನ ಉತ್ತರ ಬಂತು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಕಾಫಿಗೆ ಬನ್ನಿ, ನಿಮ್ಮ ಗಣಿಯ ಚಿತ್ರಗಳನ್ನೂ ತನ್ನಿ ಎಂದಿತ್ತು.

ಸೇಬಿನ ಕೇಕು, ಕಾಫಿಯ ನಡುವೆ ಅವರು ವಿವರಿಸಿದರು. ಅದು ಗಣಿಗರು ಬಟ್ಟೆ ಬದಲಿಸುವ ಹಜಾರ. ಪಾಳಿ ಆರಂಭವಾಗುವಾಗ ಮನೆಯ ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ, ಸರಪಳಿ ಎಳೆದು ಚಾವಣಿಗೆ ಏರಿಸಿ ಬೀಗ ಹಾಕುತ್ತಾರೆ. ಮೇಲೆ ನೂರಾರು ಅಂಗಿಗಳು ಜೋತಾಡುತ್ತಿದ್ದರೆ ಅಷ್ಟು ಜನ ನೆಲದ ಕೆಳಗಿದ್ದಾರೆಂದು ತಿಳಿಯಬೇಕು. ಪಾಳಿ ಮುಗಿದ ಮೇಲೂ ಒಂದು ಕೊಕ್ಕೆ ಮೇಲೆಯೇ ಉಳಿದರೆ ಎಲ್ಲರೂ ಅದರತ್ತ ನೋಡುತ್ತಾರೆ. “ಮೇಲೆ ಏನೂ ಇಲ್ಲ ಎಂದು ನೀವು ಹೇಳಿದಿರಿ. ಸರಿಯಾಗಿಯೇ ನೋಡಿದ್ದಿರಿ. ಗಣಿ ಮುಚ್ಚಿದ ಮೇಲೆ ಒಳಹೋದಾಗ ನಾನು ಕಂಡದ್ದೂ ಅದನ್ನೇ. ಆದರೆ ನೀವು ಅದನ್ನು ಕತ್ತರಿಸಲು ಹೇಳಿದಿರಿ.”

ನಾನು ತಲೆ ತಗ್ಗಿಸಿದೆ. ಅವರು ಎದ್ದು ಒಳಗಿನಿಂದ ಹೊಸ ಪ್ರಿಂಟ್ ತಂದರು. ಸಾಲು ನೇರವಾಗಿತ್ತು. “ವಾಲಿದೆ ಎಂದದ್ದು ಸರಿ. ಪ್ರಿಂಟ್ ಮಾಡುವಾಗ ತಿದ್ದಿಕೊಂಡೆ. ಅಲುಗಿದ್ದನ್ನು ತಿದ್ದಲಾಗದು, ಆ ಬೆಳಕಿನಲ್ಲಿ ಸ್ಟ್ಯಾಂಡ್ ಇಲ್ಲದೆ ಅಷ್ಟೇ ಸಾಧ್ಯವಿತ್ತು.” ನನ್ನ ಮೂರು ಟೀಕೆಗಳಲ್ಲಿ ಒಂದನ್ನು ಸ್ವೀಕರಿಸಿದ್ದರು, ಒಂದನ್ನು ಅಸಾಧ್ಯವೆಂದು ಬದಿಗಿಟ್ಟಿದ್ದರು, ಒಂದನ್ನು ನಿರಾಕರಿಸಿದ್ದರು. ಟೀಕೆಯನ್ನು ಪಡೆಯುವುದೆಂದರೆ ಹೀಗೆ ಎಂಬುದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಸರದಿಯಲ್ಲಿ ನಾನು ಎಲ್ಲವನ್ನೂ ಒಟ್ಟಿಗೆ ತಳ್ಳಿಹಾಕಿದ್ದೆ.

ಹನ್ನೊಂದನೆಯ ಚೌಕ

ಆಮೇಲೆ ನನ್ನ ಕಾಂಟ್ಯಾಕ್ಟ್ ಶೀಟ್ ಕೇಳಿದರು. ನೆಗೆಟಿವ್‌ಗಳನ್ನು ಕಾಗದದ ಮೇಲೆ ನೇರವಾಗಿ ಇಟ್ಟು ಮಾಡುವ ಪ್ರಿಂಟ್ ಅದು. ಒಂದು ರೋಲಿನ ಎಲ್ಲ ಚಿತ್ರಗಳೂ ಒಂದೇ ಹಾಳೆಯಲ್ಲಿ, ಇದ್ದ ಅಳತೆಯಲ್ಲಿ, ತೆಗೆದ ಕ್ರಮದಲ್ಲಿ ಕಾಣುತ್ತವೆ. ನಾನು ಬಳಸುವುದು ಅಪ್ಪನ ಸ್ಟುಡಿಯೋದ ಯಾಶಿಕಾ. ಒಂದು ರೋಲಿಗೆ ಹನ್ನೆರಡೇ ಚೌಕ ಚಿತ್ರಗಳು.

ಅವರು ಭೂತಗನ್ನಡಿಯನ್ನು ಒಂದೊಂದರ ಮೇಲೂ ಜರುಗಿಸುತ್ತ ಕೇಳತೊಡಗಿದರು. ಬಾವಿ ಎಷ್ಟು ಆಳ? ಮೂರು ಕಿಲೋಮೀಟರಿಗೂ ಹೆಚ್ಚು ಎಂದೆ. ಅವರು ತಲೆಯೆತ್ತಿ ನೋಡಿ, ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡರು. ಯಾವಾಗ ಮುಚ್ಚಿತು? 2001ರ ಫೆಬ್ರವರಿ 28. ಅವರು ಮೆಲ್ಲಗೆ ನಕ್ಕರು. ಇಲ್ಲಿಗೆ ಸಮೀಪದ ಎಸ್ಸೆನ್ ನಗರದ ಸೋಲ್‌ಫೆರೈನ್ ಗಣಿ 1986ರಲ್ಲಿ ಮುಚ್ಚಿತ್ತು. ಅದನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ 2001ರಲ್ಲಿಯೇ. ಒಂದೇ ವರ್ಷದಲ್ಲಿ ಒಂದು ಗಣಿಗೆ ಗೌರವದ ಪಟ್ಟ, ಇನ್ನೊಂದಕ್ಕೆ ಬೀಗ.

ಕನ್ನಡಿ ಹನ್ನೊಂದನೆಯ ಚೌಕದ ಮೇಲೆ ನಿಂತಿತು. “ಇವರು ಯಾರು?”

ಗೋಪುರ ಅರ್ಧಕ್ಕೆ ಕತ್ತರಿಸಿಹೋಗಿದೆ. ಅದರ ಮುಂದಿನ ರಸ್ತೆಬದಿಯಲ್ಲಿ ವೃದ್ಧರೊಬ್ಬರು ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿಕೊಂಡು, ಬೆನ್ನು ತಿರುಗಿಸಿ ನಿಂತಿದ್ದಾರೆ. “ನನ್ನ ತಂದೆ,” ಎಂದೆ. “ರೋಲ್ ಮುಗಿಸಲೆಂದು ಸುಮ್ಮನೆ ಕ್ಲಿಕ್ಕಿಸಿದ್ದು. ಬೆಳಕು ಸಾಲದು.”

“ಬೆಳಕು ಸಾಲದು, ನಿಜ. ಅವರು ಏನು ನೋಡುತ್ತಿದ್ದಾರೆ?”

ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.

“ಉಳಿದ ಹನ್ನೊಂದರಲ್ಲಿ ಗೋಪುರವಿದೆ,” ಎಂದು ಅವರು ಕನ್ನಡಿಯನ್ನು ಕೆಳಗಿಟ್ಟರು. “ಗೋಪುರ ಯಾರನ್ನು ಕೆಳಗಿಳಿಸಿ ಮೇಲೆತ್ತುತ್ತಿತ್ತೋ ಅವರ ಮುಖಗಳನ್ನು ನಿನ್ನ ತಂದೆ ತೆಗೆದಿದ್ದಾರೆ. ನೀನು ಅವರನ್ನು ಬಿಟ್ಟು ಕಬ್ಬಿಣವನ್ನು ಪ್ರಿಂಟ್ ಮಾಡಿದೆ.”

ಜರ್ಮನ್ ಭಾಷೆಯಲ್ಲೂ ನಮ್ಮಂತೆಯೇ ‘ನೀವು’ ಮತ್ತು ‘ನೀನು’ ಎಂಬ ಭೇದವಿದೆ. ಅಲ್ಲಿಯವರೆಗೆ ‘ಸೀ’ ಎನ್ನುತ್ತಿದ್ದವರು ಈ ಮಾತಿನಲ್ಲಿ ‘ಡೂ’ ಎಂದಿದ್ದರು. ಗಣಿಯೊಳಗೆ ಎಲ್ಲರೂ ಪರಸ್ಪರ ‘ಡೂ’. ಆ ಏಕವಚನದಿಂದಾಗಿಯೇ ಇರಬೇಕು, ಶಿಕ್ಷಕಿಯ ಅದೇ ಟೀಕೆ ಈ ಸಲ ನೋಯಿಸದೆ ಒಳಗಿಳಿಯಿತು.

ಆ ಹನ್ನೊಂದನೆಯ ನೆಗೆಟಿವ್ ಪ್ರಿಂಟ್ ಮಾಡಲು ಎರಡು ಸಂಜೆಗಳು ಹಿಡಿದವು. ಅದನ್ನು ಫೋನಿನಲ್ಲಿ ಕಳುಹಿಸದೆ ಅಂಚೆಯಲ್ಲಿ ಅಪ್ಪನಿಗೆ ಕಳುಹಿಸಿದೆ. ವರ್ಷಗಳಿಂದ ನಾನು ಕಳುಹಿಸುತ್ತಿದ್ದ ಚಿತ್ರಗಳಿಗೆ ಅವರಿಂದ ಬರುತ್ತಿದ್ದುದು “ಚೆನ್ನಾಗಿದೆ” ಎಂಬ ಒಂದೇ ಉತ್ತರ. ಬಂಧುಗಳಿಂದ “ಸೂಪರ್”. ಈ ಸಲ ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದೆ: “ಅಪ್ಪಾ, ಸ್ಟುಡಿಯೋದ ಹುಡುಗರಿಗೆ ಹೇಳುತ್ತಿದ್ದಂತೆ ಹೇಳಿ.”

ಮೂರು ವಾರಗಳ ನಂತರ ಕರೆ ಬಂತು. “ಏನಪ್ಪಾ, ಪ್ರಿಂಟು ಬಂತು,” ಎಂದು ಆರಂಭಿಸಿದವರು ಅರ್ಧ ಗಂಟೆ ಬಿಡಲಿಲ್ಲ. “ನೆರಳೆಲ್ಲ ಕಟ್ಟಿಕೊಂಡುಬಿಟ್ಟಿದೆ. ಒಂದು ಸ್ಟಾಪ್ ಕಮ್ಮಿ ಕೊಟ್ಟಿದ್ದೀಯ. ನೆಗೆಟಿವ್‌ನಲ್ಲಿ ಇಲ್ಲದ್ದು ಪ್ರಿಂಟಿಗೆ ಎಲ್ಲಿಂದ ಬರತ್ತೆ? ಆಕಾಶಕ್ಕೆ ಇನ್ನೂ ನಾಲ್ಕು ಸೆಕೆಂಡು ಜಾಸ್ತಿ ಕೊಡಬೇಕಿತ್ತು, ಬೆಳ್ಳಗೆ ಬಾಯಿ ಬಿಟ್ಟುಕೊಂಡಿದೆ. ನನ್ನ ಬೆನ್ನಿಗೆ ಬೆಳಕು ಬೀಳುವಾಗ ಸ್ವಲ್ಪ ಕೈ ಅಡ್ಡ ಹಿಡಿ, ಅಂಗಿಯ ಮಡಿಕೆಯಾದರೂ ಕಾಣಲಿ.” ಅವರ ದನಿ ನಾನು ಹತ್ತು ವರ್ಷಗಳಿಂದ ಕೇಳಿರದಷ್ಟು ಗಟ್ಟಿಯಾಗಿತ್ತು.

“ಅಲ್ಲಿ ಏನು ನೋಡುತ್ತಿದ್ದಿರಿ?” ಎಂದು ಕೇಳಿದೆ.

“ಗೇಟಿನ ಹತ್ತಿರ ಒಂದು ಬೇವಿನ ಮರ ಇತ್ತು. ಅದರ ಕೆಳಗೆ ಬಿಳಿ ಬಟ್ಟೆ ಕಟ್ಟಿ ಒಬ್ಬೊಬ್ಬರನ್ನೇ ಕೂರಿಸಿ ಫೋಟೋ ತೆಗೀತಿದ್ದೆ. ಮರ ಇದೆಯಾ ಅಂತ ನೋಡ್ತಿದ್ದೆ. ಇರಲಿಲ್ಲ.”

ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಇಷ್ಟು ವರ್ಷ ಇದನ್ನೆಲ್ಲ ಏಕೆ ಹೇಳಲಿಲ್ಲವೆಂದು ಕೇಳಿದೆ. ಕಪ್ಪಾದ ನೆರಳುಗಳು ಅವರಿಗೆ ಕಾಣದೇ ಇದ್ದಿರಲಾರವು. “ದೂರದಲ್ಲಿದ್ದೀಯ. ಅಲ್ಲಿ ನಿನಗೆ ಏನೇನು ಕಷ್ಟವೋ. ನಾನೂ ಒಂದು ಮಾತು ಅಂದು ಮನಸ್ಸು ನೋಯಿಸೋದು ಯಾಕೆ ಅಂತ ಸುಮ್ಮನಿದ್ದೆ,” ಎಂದರು.

ದಕ್ಷಿಣ ಜರ್ಮನಿಯ ಸ್ವಾಬಿಯಾ ಸೀಮೆಯಲ್ಲಿ ಒಂದು ಗಾದೆಯಿದೆ: ಬೈಯಲಿಲ್ಲವೆಂದರೆ ಅದೇ ಸಾಕಷ್ಟು ಹೊಗಳಿಕೆ. ಇಲ್ಲಿಗೆ ಬಂದ ಹೊಸತರಲ್ಲಿ ಈ ಜನರ ಒರಟುತನಕ್ಕೆ ಅದನ್ನೇ ಸಾಕ್ಷಿಯಾಗಿ ಉದಾಹರಿಸುತ್ತಿದ್ದೆ. ನಮ್ಮವರ ಸೌಜನ್ಯವನ್ನು ಅದರೆದುರು ಇಟ್ಟು ಹೆಮ್ಮೆಪಡುತ್ತಿದ್ದೆ. ಅಪ್ಪನ ಮಾತು ಕೇಳಿದ ಮೇಲೆ ಆ ಸೌಜನ್ಯದ ಇನ್ನೊಂದು ಮುಖ ಕಂಡಿತು. ಪರದೇಶಕ್ಕೆ ಹೋದವರಿಗೆ ಮನೆಯವರು ತಪ್ಪು ಹೇಳುವುದನ್ನು ನಿಲ್ಲಿಸಿಬಿಡುತ್ತಾರೆ. ರಜೆಗೆ ಹೋದಾಗ ಒಳ್ಳೆಯ ತಟ್ಟೆಯಲ್ಲಿ ಬಡಿಸುತ್ತಾರೆ, ನಾವು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಾರೆ. ನಾವೂ ಅಷ್ಟೇ, ಅವರ ತಪ್ಪುಗಳನ್ನು ಕಂಡೂ ಕಾಣದಂತೆ ಇದ್ದು ವಿಮಾನ ಹತ್ತುತ್ತೇವೆ. ಅದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಅತಿಥಿಗೆ ಸಲ್ಲುವ ಪ್ರೀತಿ. ತಪ್ಪನ್ನು ಎತ್ತಿ ಹೇಳುವ ಸಲಿಗೆ ಮನೆಯ ಮಕ್ಕಳಿಗೆ ಮಾತ್ರ ಸಿಗುತ್ತದೆ. ನಾನು ಕೇಳಿ ಪಡೆಯುವವರೆಗೂ ಅಪ್ಪನ ಬಳಿ ಅದು ಹಾಗೆಯೇ ಇತ್ತು.

ಎಲ್ಲ ಟೀಕೆಯೂ ಸಲಿಗೆಯಲ್ಲ ಎಂಬುದನ್ನು ಆ ಖಾಲಿ ಕೊಕ್ಕೆಗಳ ಚಿತ್ರ ನನಗೆ ಕಲಿಸಿದೆ. ಈಗ ಗುರುವಾರದ ಮೇಜಿನ ಮುಂದೆ ನಿಂತಾಗ ಮೊದಲು ಕಂಡದ್ದನ್ನು ಹೇಳುತ್ತೇನೆ. ನನಗೆ ಖಾಲಿಯೆಂದು ತೋರಿದ ಜಾಗದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ಸಾಲು ವಾಲಿದ್ದರೆ ವಾಲಿದೆ ಎನ್ನುತ್ತೇನೆ. ನಮ್ಮ ಗಣಿಗ ಸ್ನೇಹಿತರು ತರಗತಿಗೆ ಮರಳಿದ್ದಾರೆ. ನನ್ನ ಪ್ರಿಂಟುಗಳನ್ನು ಅವರು ಇನ್ನೂ ಒಮ್ಮೆಯೂ ಹೊಗಳಿಲ್ಲ.

ಕಳೆದ ವಾರ ಹೊಸ ರೋಲಿನ ಕಾಂಟ್ಯಾಕ್ಟ್ ಶೀಟ್ ಬಂಗಾರಪೇಟೆಗೆ ಹೊರಟಿದೆ. ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸು ಕಳುಹಿಸುವುದಾಗಿ ಅಪ್ಪ ಹೇಳಿದ್ದಾರೆ. ಜೊತೆಗೆ ಒಂದು ತಾಕೀತನ್ನೂ ಮಾಡಿದ್ದಾರೆ: “ಒಳ್ಳೇದನ್ನಷ್ಟೇ ಆರಿಸಿ ಕಳಿಸಬೇಡ. ಹನ್ನೆರಡೂ ಇರಲಿ.”